ಭಾವನ ಪಾಲಿನ ಲೋಟ

ಭಾವನ ಎಡಗೈಯಲ್ಲಿ, ಮಣಿಕಟ್ಟಿನಿಂದ ಮೇಲಕ್ಕೆ, ಹಗ್ಗದಂತೆ ಉಬ್ಬಿದ ಒಂದು ನರವಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ಜೋಡಿಸಿದ್ದು. ಅದರ ಮೇಲೆ ಬೆರಳಿಟ್ಟರೆ ಒಳಗೆ ಗುರ್ ಎಂದು ನಡುಗುತ್ತಿತ್ತು. ಭಾವ ಮನೆಗೆ ಬಂದವರ ಕೈಹಿಡಿದು ಅದರ ಮೇಲಿಟ್ಟುಕೊಂಡು, "ಲಾಂಚ್ ಸ್ಟಾರ್ಟಲ್ಲೇ ಇದೆ, ಹತ್ತೋರು ಹತ್ಕಳಿ" ಎನ್ನುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ಶರಾವತಿ ಹಿನ್ನೀರಿನಾಚೆಯ ತುಮರಿಗೆ ಜನರನ್ನೂ ವಾಹನಗಳನ್ನೂ ದಾಟಿಸುತ್ತಿದ್ದ ಲಾಂಚಿನಲ್ಲಿ ಹಗ್ಗ ಕಟ್ಟುವ, ಬಿಚ್ಚುವ ಕೆಲಸ ಮಾಡುತ್ತಿದ್ದರು. ಹಗ್ಗ ಬಿಚ್ಚುವ ಮೊದಲು ದಂಡೆಯ ರಸ್ತೆಯ ಕಡೆ ಒಮ್ಮೆ ತಲೆಯೆತ್ತಿ ನೋಡುವುದು ಅವರ ಅಭ್ಯಾಸ. ದೂರದಲ್ಲಿ ಧೂಳು ಕಂಡರೆ ಹಗ್ಗ ಹಿಡಿದು ನಿಂತುಬಿಡುವರು. ಒಳಗಿದ್ದವರು ಗೊಣಗಿದರೆ, "ನಾಳೆ ನೀವೇ ಓಡಿ ಬರ್ತೀರಿ, ಆಗ ಮಾತಾಡಣ" ಎನ್ನುವರು.

ಸೇತುವೆಯಾದ ಮೇಲೆ ಆ ಕೆಲಸ ಮುಗಿಯಿತು. ಅದೇ ಹೊತ್ತಿಗೆ ಕಿಡ್ನಿಯೂ ಕೈಕೊಟ್ಟಿತು. ನಾನು ಸಾಗರದಲ್ಲಿ ಬಟ್ಟೆ ಹೊಲಿಯುವವನು. ವಾರಕ್ಕೆರಡು ಸಲ ಅಂಗಡಿ ಮುಚ್ಚಿ, ನನ್ನ ಹಳೇ ವ್ಯಾನಿನಲ್ಲಿ ಸೇತುವೆ ದಾಟಿ ಹೋಗಿ ಅವರನ್ನು ಆಸ್ಪತ್ರೆಗೆ ಕರೆತರುತ್ತಿದ್ದೆ. ದಿನಕ್ಕೆ ಮುಕ್ಕಾಲು ಲೀಟರ್ ನೀರು ಎಂದು ಡಾಕ್ಟರು ಹೇಳಿದ್ದರು. ಚಹಾ, ಸಾರು, ಮಾತ್ರೆ ನುಂಗುವ ನೀರು ಎಲ್ಲ ಸೇರಿ ಅಷ್ಟೇ. ಬಾಟಲಿಯ ಮೇಲೆ ಅಕ್ಕ ನೇಲ್‌ಪಾಲಿಶಿನಲ್ಲಿ ಗೆರೆ ಎಳೆದಿದ್ದಳು. ಜೊತೆಗಿದ್ದ ದಿನ ಅದನ್ನು ಕಾಯುವವನು ನಾನು. ಭಾವ ನನ್ನನ್ನು "ಪೊಲೀಸಪ್ಪ" ಎಂದೇ ಕರೆಯುತ್ತಿದ್ದರು. ಬೇರೇನೂ ಮಾಡಲು ತೋಚದೆ ನಾನು ಆ ಗೆರೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಭಾವನೇ ಫೋನ್ ಮಾಡಿದರು. "ಇಷ್ಟು ವರ್ಷ ಟೂರಿಸ್ಟರನ್ನ ದಾಟ್ಸಿದೀನಿ. ಇಲ್ಲಿ ಬೀಚ್ ಎಲ್ಲಿದೆ, ತಿನ್ನಕ್ಕೆ ಎಂತ ಸಿಗುತ್ತೆ ಅಂತ ಕೇಳೋರು. ನಾನೇ ಸರಿಯಾಗಿ ನೋಡ್ಲಿಲ್ಲ ಮಾರಾಯ. ಇವತ್ತು ನಾನೂ ಟೂರಿಸ್ಟ್. ವ್ಯಾನ್ ತಗಂಬಾ."

ಹೋದಾಗ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯಲ್ಲಿ ಕುಳಿತಿದ್ದರು. ಯಾರೋ ಲಾಂಚಿನಲ್ಲಿ ಮರೆತುಹೋಗಿದ್ದ ಕನ್ನಡಕ. ಅಕ್ಕ ನಕ್ಕು ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು.

ಟೂರಿಸ್ಟರು ಬೀಚ್ ಎನ್ನುವ ದಂಡೆಗಳನ್ನು ಒಂದೊಂದಾಗಿ ನೋಡಲು ಹೊರಟೆವು. ಹಿನ್ನೀರು ತುಂಬ ಇಳಿದಿತ್ತು. ಮೊದಲ ದಂಡೆಯಲ್ಲಿ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ನೀರಿನವರೆಗೆ ಇಳಿದಿತ್ತು. ಮುಳುಗಿದ್ದ ಮರಗಳ ಬೊಡ್ಡೆಗಳು ಎದ್ದು ನಿಂತಿದ್ದವು. ಭಾವ ಕಾಲು ನೀರಲ್ಲಿಟ್ಟು ಕುಳಿತರು.

"ನೋಡು, ಲಿಂಗನಮಕ್ಕಿ ಡ್ಯಾಂವರೆಗೂ ನೀರು. ನಂಗೆ ಮುಕ್ಕಾಲು ಲೀಟ್ರು" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗುವಾಗ ದಾರಿಯ ಮನೆಗಳೆಲ್ಲ ಅವರಿಗೆ ಗೊತ್ತಿದ್ದವೇ. ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವುದು ಒಂದೇ ಮಾತು: "ಆಸರಿಗೆ ಎಂತ ಕೊಡ್ಲಿ?" ಬಾಯಾರಿಕೆಗೆ ಏನು ಕುಡಿಯುತ್ತೀರಿ ಎಂದು. ಬೇಡ ಎಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಮೊದಲ ಮನೆಯಲ್ಲಿ ಬೆಲ್ಲದ ನೀರು, ಎರಡನೆಯದರಲ್ಲಿ ಮಜ್ಜಿಗೆ, ಆಮೇಲೆ ಮುರುಗಲು ಶರಬತ್ತು. ಭಾವ ಲೋಟ ತೆಗೆದುಕೊಂಡು ತುಟಿಗೆ ಮುಟ್ಟಿಸಿ, ಮನೆಯಾಕೆ ಒಳಗೆ ತಿರುಗಿದ ಕೂಡಲೇ ನನ್ನ ಕಡೆ ಸರಿಸುವರು. ನಾನು ನನ್ನದನ್ನೂ ಅವರದನ್ನೂ ಕುಡಿಯುವೆ. "ಹೊಟ್ಟೆ ಡ್ಯಾಂ ಆಯ್ತಾ?" ಎಂದು ಕಿವಿಯಲ್ಲಿ ಕೇಳುವರು.

ಒಂದು ಮನೆಯಲ್ಲಿ ತೊಡೆದೇವು ಮಾಡುತ್ತಿದ್ದರು. ಬೋರಲು ಹಾಕಿ ಕಾಯಿಸಿದ ಮಡಕೆಯ ಮೇಲೆ ಸಿಹಿಹಿಟ್ಟನ್ನು ಬಟ್ಟೆಯಿಂದ ಸವರಿ, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಮಡಚುವುದು. "ಇದಕ್ಕಾದ್ರೂ ಪರ್ಮಿಷನ್ ಇದೆಯಾ ಪೊಲೀಸಪ್ಪ?" ಎಂದರು. ಹೂಂ ಎಂದೆ. ಒಂದನ್ನು ಚೂರು ಚೂರಾಗಿ ನಾಲಿಗೆಯ ಮೇಲಿಟ್ಟು ಕರಗಿಸುತ್ತ ಬಹಳ ಹೊತ್ತು ತಿಂದರು. ಅದರಿಂದ ಬಾಯಿ ಇನ್ನಷ್ಟು ಒಣಗಿತು.

ಕೊನೆಯ ದಂಡೆಗೆ ಇಳಿಯುವ ತಿರುವಿನಲ್ಲಿ ಒಬ್ಬ ಅಜ್ಜಿಯ ಮನೆ. ಹಿಂದೊಮ್ಮೆ ಅವಳ ಮಗಳ ಹೆರಿಗೆಯ ಹೊತ್ತಿಗೆ ಭಾವ ಲಾಂಚನ್ನು ಅರ್ಧ ಗಂಟೆ ನಿಲ್ಲಿಸಿದ್ದರಂತೆ. "ಲಾಂಚಿನ ತಮ್ಮ ಬಂದ್ಯನೋ!" ಎನ್ನುತ್ತ ದೊಡ್ಡ ಲೋಟದಲ್ಲಿ ಮಾವಿನಕಾಯಿಯ ಅಪ್ಪೆಹುಳಿ ತಂದಳು. ತಂದವಳು ಒಳಗೆ ಹೋಗಲಿಲ್ಲ. ಎದುರಿಗೇ ಕುಳಿತಳು.

ಭಾವ ನನ್ನ ಮುಖ ನೋಡಿದರು. ಬಾಟಲಿಯ ನೀರು ಆಗಲೇ ಖಾಲಿಯಾಗಿತ್ತು.

"ಒಂದೇ ಗುಟುಕೋ. ಗಂಟ್ಲು ಅಂಟ್ತಾ ಇದೆ."

"ಅಜ್ಜಿ, ಇವರು ಕುಡಿಯಂಗಿಲ್ಲ" ಎಂದು ನಾನು ಹೇಳಿಬಿಟ್ಟೆ. ಅವರ ಕೈಯಿಂದ ಲೋಟ ತೆಗೆದುಕೊಂಡೆ. ಅಜ್ಜಿಯ ಮುಖ ಸಣ್ಣದಾಯಿತು. ಅವಳಿಗಾಗಿ ನಾನೇ ಕುಡಿಯಲು ಶುರುಮಾಡಿದೆ. ಭಾವ ನನ್ನ ಗಂಟಲನ್ನೇ ನೋಡುತ್ತಿದ್ದರು.

"ಹೆಂಗಿದೆ?"

"ಹುಳಿ ಇದೆ."

"ಅದು ನಂಗೂ ಗೊತ್ತು. ಸರಿಯಾಗಿ ಹೇಳು."

ಹೇಳಿದೆ. ಮಾವಿನ ಮಿಡಿಯ ಸೊನೆಯ ಪರಿಮಳ, ಇಂಗಿನ ಒಗ್ಗರಣೆ, ಕೊನೆಗೆ ನಾಲಿಗೆಯ ತುದಿಗೆ ತಾಗುವ ಖಾರ. ಅವರು ಕಣ್ಣುಮುಚ್ಚಿ ಕೇಳಿದರು. ಬರಿಯ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಕೊನೆಯ ದಂಡೆಯಲ್ಲಿ ಅವರು ವ್ಯಾನಿನಿಂದ ಇಳಿಯಲಿಲ್ಲ. "ಇಲ್ಲಿಂದ್ಲೇ ಕಾಣ್ತದೆ" ಎಂದರು.

ಮರುದಿನದ ಡಯಾಲಿಸಿಸ್ ಚೆನ್ನಾಗಿಯೇ ಆಯಿತು. ಅದರ ಮಾರನೆಯ ಬೆಳಿಗ್ಗೆ ಜಗುಲಿಯಲ್ಲಿ ಕುಳಿತಿದ್ದವರು ಹಾಗೆಯೇ ಒರಗಿದರಂತೆ. ಅಕ್ಕನ ಫೋನ್ ಬಂದಾಗ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಸೇತುವೆಯ ಮೇಲೆ ವ್ಯಾನನ್ನು ಎಷ್ಟು ಜೋರಾಗಿ ಓಡಿಸಿದರೂ ಪ್ರಯೋಜನವಿರಲಿಲ್ಲ. ಹೋಗಿ ಮೊದಲು ಆ ನರದ ಮೇಲೆ ಬೆರಳಿಟ್ಟೆ. ನಡುಕವಿರಲಿಲ್ಲ.

ಆಮೇಲೆ ಒಂದು ದಿನ ಡಾಕ್ಟರನ್ನು ಕೇಳಿದೆ. "ಹೃದಯ ನಿಂತಿದ್ದು. ಅವತ್ತು ಒಂದು ಗುಟುಕು ಕುಡಿದಿದ್ರೂ ಅದೇ, ಕುಡೀದಿದ್ರೂ ಅದೇ" ಎಂದರು. ಸಮಾಧಾನಕ್ಕೆಂದೇ ಹೇಳಿದ್ದು. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಭಾವ ಹೋದ ಆ ಬೆಳಿಗ್ಗೆ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಬಾಯಿಗೆ ನೀರು ಬಿಡಲು ಜನ ಸಾಲುಗಟ್ಟಿದರು. ಭಾವ ಯಾರಿಗಾಗಿ ಹಗ್ಗ ಹಿಡಿದು ಕಾದಿದ್ದರೋ ಅವರೆಲ್ಲ ಬಂದಿದ್ದರು. ಆ ಅಜ್ಜಿಯೂ ಬಂದಿದ್ದಳು. ತುಳಸಿ ಹಾಕಿದ ನೀರಿನ ಚೊಂಬು ಹಿಡಿದು ತಲೆಯ ಬಳಿ ನಿಂತವನು ನಾನು. ಒಬ್ಬೊಬ್ಬರೂ ಒಂದೊಂದು ಚಮಚ ಬಿಟ್ಟರು. ಬಾಯಿ ತುಂಬಿ, ಕಟವಾಯಿಯಿಂದ ಇಳಿದು, ಕುತ್ತಿಗೆ ಒದ್ದೆಯಾಯಿತು. ಇನ್ನೂ ಜನರಿದ್ದರು. ನನಗೇ ತಿಳಿಯದೆ ನನ್ನ ಅಂಗೈ ಚೊಂಬಿನ ಬಾಯಿಯನ್ನು ಮುಚ್ಚಿತ್ತು.

ಅಕ್ಕ ಬಂದು ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ಬಿಡೋ ತಮ್ಮ" ಎಂದಳು. "ಇವತ್ತು ಕುಡೀಲಿ."