ಹೆಸರಿನವರು ಬರುವತನಕ

ಅಡ್ಡಹೆಸರು ಕೇಳದೆ ಹೊಸಬರಿಗೆ ಒಂದು ತಂಬಿಗೆ ನೀರೂ ಕೊಡದಿದ್ದ ದಿನಗಳು ಅವು. ಬಾಗಲಕೋಟೆಯ ಹಳೇ ಪೇಟೆಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಯಾರೇ ಬಂದು ಕೂತರೂ ಅಜ್ಜಿಯ ಮೊದಲ ಮಾತು ಒಂದೇ: "ಅಡ್ಡಹೆಸರು ಏನಂದ್ರಿ?" ಬಾದಾಮಿ ಬಿಟ್ಟು ಬಂದವರು ಬಾದಾಮಿ, ಕೆರೂರು ಬಿಟ್ಟವರು ಕೆರೂರ. ನಮ್ಮ ಹಿರಿಯರು ಯಾವ ಕಾಲದಲ್ಲೋ ಹುನಗುಂದ ಬಿಟ್ಟಿದ್ದರು, ಹೀಗಾಗಿ ನಾವು ಹುನಗುಂದ. ಹುನಗುಂದದಲ್ಲೇ ಉಳಿದವರಿಗೆ ಆ ಹೆಸರಿಲ್ಲ. ಊರು ಬಿಟ್ಟವರ ಬೆನ್ನಿಗೆ ಮಾತ್ರ ಊರಿನ ಹೆಸರು ಹತ್ತಿಕೊಂಡು ಬರುತ್ತಿತ್ತು.

ನಮ್ಮ ಹಿತ್ತಲಿನಾಚೆಯ ಎರಡು ಕೋಣೆಗಳಲ್ಲಿ ಗ್ರೇಸ್‌ಳ ಮನೆಯವರು ಬಾಡಿಗೆಗಿದ್ದರು. ಗ್ರೇಸ್ ನನ್ನ ವಾರಿಗೆಯವಳು. ಇಬ್ಬರೂ ಒಂದೇ ಕಾನ್ವೆಂಟಿಗೆ, ಒಂದೇ ಬೆಂಚಿಗೆ ಹೋಗುತ್ತಿದ್ದೆವು. ಹಾಜರಿ ಕರೆಯುವಾಗ ಸಿಸ್ಟರ್ ಬಾಯಿಂದ ಬಾದಾಮಿ, ಇಲಕಲ್ಲ, ಹುನಗುಂದ ಎಂದು ಊರುಗಳ ಸಾಲು ಬರುತ್ತಿತ್ತು. ಕೊನೆಗೆ "ಗ್ರೇಸ್ ಥಾರ್ನ್‌ಟನ್". ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಮ್ಮೆ ಅವಳ ಜಡೆ ಎಳೆದು, "ಏ, ನಿಮ್ಮೂರಿಗೆ ಬಸ್ ಎಲ್ಲಿಂದ ಬಿಡ್ತಾರ?" ಎಂದು ಕೇಳಿದ್ದಳು. ಗ್ರೇಸ್ ಅದನ್ನು ಅಪ್ಪನ ಹತ್ತಿರ ಒಯ್ದಳು.

ಅವಳ ಅಪ್ಪ ರಾಬರ್ಟ್ ಅಂಕಲ್ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಕಂದು ಕಣ್ಣು, ಗೋಧಿ ಬಣ್ಣ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸು. ಮೈಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುವುದನ್ನು ನೋಡಿದರೆ ನಮ್ಮವರೇ. ಅಂದು ಸಂಜೆ ಕಟ್ಟೆಯ ತುದಿಗೆ ಕೂತು ಅವರು ನಗುತ್ತ ಹೇಳಿದರು: "ಖರೇನ ಅದು ಊರಿನ ಹೆಸರೇರಿ, ಅಮ್ಮಾರ. ಥಾರ್ನ್ ಅಂದ್ರ ಮುಳ್ಳು, ಟನ್ ಅಂದ್ರ ಊರು. ಇಂಗ್ಲೆಂಡಿನ್ಯಾಗ ಮುಳ್ಳುಕಂಟಿ ಬೆಳೆದಿದ್ದ ಯಾವುದೋ ಹಳ್ಳಿ."

"ಹಂಗಾದ್ರ ನಮ್ಮ ಜಾಲಿಹಾಳ ಇದ್ದಂಗಾತು," ಎಂದಳು ಅಜ್ಜಿ. "ನೀವು ನೋಡೀರೇನು?"

"ಎಲ್ಲೀದು! ನಮ್ಮಪ್ಪನೂ ನೋಡಿಲ್ಲ. ನಮ್ಮ ಮುತ್ತಜ್ಜನ ಅಪ್ಪ ದಂಡಿನ ಜೋಡಿ ಕಲಾದಗಿಗೆ ಬಂದನಂತ. ಅಲ್ಲೇ ಸತ್ತ, ಗೋರಿ ಅಲ್ಲೇ ಐತಿ. ಮುಂದ ಕಲಾದಗಿಯಿಂದ ಕಚೇರಿ ಎಲ್ಲಾ ಎದ್ದು ಹೋದ್ವು. ನಮ್ಮಾವ್ರು ರೈಲಿನ ಬೆನ್ನು ಹತ್ತಿ ಹುಬ್ಬಳ್ಳಿಗೆ ಹೋದ್ರು. ನಾ ಒಬ್ಬ ಮತ್ತ ಈ ಕಡೆ ಬಂದೆ."

"ನೀವು ಶಾಂತವ್ವನ ಬೆನ್ನು ಹತ್ತಿ ಬಂದ್ರಿ," ಎಂದು ಅಜ್ಜಿ ಚುಚ್ಚಿದಳು. ಅಂಕಲ್ ಕಿವಿ ಕೆಂಪಾಯಿತು.

ಗ್ರೇಸ್‌ಳ ತಾಯಿ ಶಾಂತವ್ವ ಇಲಕಲ್ಲಿನ ನೇಕಾರರ ಮಗಳು. ಈ ಮದುವೆಗಾಗಿ ತವರಿನವರು ಅವಳನ್ನು ಬಿಟ್ಟಿದ್ದರು. ಹುಬ್ಬಳ್ಳಿಯಲ್ಲಿದ್ದ ಅಂಕಲ್‌ರ ಅಣ್ಣ ಎಡ್ವರ್ಡ್ ಕೂಡ ಅವಳನ್ನು ಮನೆಯವಳೆಂದು ಒಪ್ಪಿರಲಿಲ್ಲ. ಹಿಂದಿನ ದೀಪಾವಳಿಯ ಸುಮಾರಿಗೆ ಅವರು ಒಮ್ಮೆ ಬಂದಿದ್ದರು. ಅವರಿಗೂ ಹೆಂಡತಿಗೂ ಮಕ್ಕಳಿರಲಿಲ್ಲ. ಆಸ್ಟ್ರೇಲಿಯಾಕ್ಕೆ ಹೊರಟಿದ್ದರು, ಗ್ರೇಸ್‌ಳನ್ನು ಕೊಡು, ಅಲ್ಲಿ ಓದಿಸುತ್ತೇವೆ ಎಂದು ಕೇಳಲು ಬಂದಿದ್ದರು. ಅಂಕಲ್ ಅಣ್ಣನನ್ನು ಚಹಾ ಕುಡಿಯಲೂ ಬಿಡದೆ ಎಬ್ಬಿಸಿ ಕಳಿಸಿದ್ದರು. ಆವತ್ತು ರಾತ್ರಿಯಿಡೀ ಶಾಂತವ್ವ ಗ್ರೇಸ್‌ಳನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲವಂತೆ. ಮರುದಿನ ಗ್ರೇಸ್ ಇದನ್ನು ದೊಡ್ಡ ನಗೆಚಾಟಿಕೆಯ ಹಾಗೆ ನನಗೆ ಹೇಳಿದಳು.

ಹೋಳಿ ಹತ್ತಿರ ಬಂದಿತ್ತು. ನಮ್ಮೂರಿನ ಹೋಳಿ ಎಂದರೆ ಒಂದು ದಿನದ್ದಲ್ಲ. ವಾರ ಮೊದಲೇ ಓಣಿ ಓಣಿಯಲ್ಲಿ ಹಲಗೆ ಬಾರಿಸಲು ಸುರು. ನಾವಿಬ್ಬರೂ ಮುತ್ತುಗದ ಹೂವು ತಂದು ಹಿತ್ತಲಲ್ಲಿ ಒಣಹಾಕಿದ್ದೆವು, ಬಣ್ಣ ಕುದಿಸಬೇಕೆಂದು. ಅಂಥದೊಂದು ಬೆಳಿಗ್ಗೆ ಜಿನ್ನಿನ ಮಂದಿ ಅಂಕಲ್‌ರನ್ನು ಎತ್ತಿನ ಬಂಡಿಯಲ್ಲಿ ತಂದರು. ಎದೆ ಹಿಡಿದುಕೊಂಡು ಕೂತವರು ಹಾಗೇ ವಾಲಿ ಹೋಗಿಬಿಟ್ಟರಂತೆ. ಬಂಡಿಯಲ್ಲಿದ್ದ ಹತ್ತಿಯ ಎಳೆಗಳು ಅವರ ಮೀಸೆಗೆ, ರೆಪ್ಪೆಗೆ ಹತ್ತಿಕೊಂಡಿದ್ದವು. ಶಾಂತವ್ವ ಅಳಲಿಲ್ಲ. ಮೊದಲು ಒಂದೊಂದೇ ಎಳೆ ತೆಗೆದಳು.

ಚರ್ಚಿನ ಫಾದರ್ ಬಂದರು. ಸಂಜೆಯೊಳಗೆ ಮಣ್ಣು ಮಾಡೋಣ, ಜಾಗ ಇದೆ ಎಂದರು. ಶಾಂತವ್ವ ಹೂಂ ಎಂದು ತಲೆ ಆಡಿಸಿದಳು. ಆಗ ಅಜ್ಜಿ ನಡುವೆ ಬಂದಳು.

ನಮ್ಮಲ್ಲಿ ಒಂದು ಪದ್ಧತಿ. ಯಾರ ಮನೆಯಲ್ಲಿ ಸಾವಾದರೂ ಅದೇ ಅಡ್ಡಹೆಸರಿನ ಅಣ್ಣತಮ್ಮಂದಿರು ಬಂದು ಒಂದು ಹಿಡಿ ಮಣ್ಣು ಹಾಕಬೇಕು. ಅವರು ಬರುವತನಕ ಹೆಣ ಎತ್ತುವುದಿಲ್ಲ. ಸುದ್ದಿ ಮುಟ್ಟಿಸದೆ ಎತ್ತಿದರೆ ತಲೆಮಾರು ಕಳೆದರೂ ಮಾತು ತೀರುವುದಿಲ್ಲ.

"ಹುಬ್ಬಳ್ಳಿಗೆ ತಾರು ಕೊಡಬೇಕು," ಎಂದಳು ಅಜ್ಜಿ.

"ಬ್ಯಾಡ್ರಿ, ಅಮ್ಮಾರ. ನಾ ಅದೀನಿ, ಮಗಳು ಅದಾಳ. ಮತ್ಯಾರು ಬೇಕ್ರಿ?"

"ಹಂಗಂದ್ರ ಹೆಂಗವಾ? ಒಡಹುಟ್ಟಿದಾವ ಇದ್ದೂ ಕರೀಲಿಲ್ಲಂದ್ರ, ನಾಯಿ ಹೂತಂಗ ಹೂತ್ರು ಅಂತಾರ ಮಂದಿ. ಅವಗ ಹೆಸರಿಲ್ಲೇನು, ಹೆಸರಿನಾವ್ರಿಲ್ಲೇನು?"

"ಅವರು ಬಂದ್ರ ಬರೇ ಮಣ್ಣು ಕೊಟ್ಟು ಹೋಗಾಕಿಲ್ರಿ..." ಶಾಂತವ್ವ ಗ್ರೇಸ್‌ಳನ್ನು ಹತ್ತಿರ ಎಳೆದುಕೊಂಡಳು.

ಅಜ್ಜಿಗೆ ಅದು ತಿಳಿಯಲಿಲ್ಲವೆಂದಲ್ಲ. ಸತ್ತವನ ಮರ್ಯಾದೆ ಅವಳಿಗೆ ಆ ಹೊತ್ತು ದೊಡ್ಡದಾಗಿ ಕಂಡಿತು. ನನ್ನ ಅಪ್ಪ ಸೈಕಲ್ ಹತ್ತಿ ಪೋಸ್ಟಾಫೀಸಿಗೆ ಹೋದರು.

ಇಡೀ ದಿನ ಕಾದೆವು. ಫಾಲ್ಗುಣದ ಬಿಸಿಲು. ಸೋಡಾ ಅಂಗಡಿಯಿಂದ ಬರ್ಫದ ಗಡ್ಡೆ ತಂದು ಹೊಟ್ಟು ಹಾಕಿ ಸುತ್ತ ಇಟ್ಟರು. ಅದು ಕರಗಿ ಹಿತ್ತಲಿನ ಹಾಸುಗಲ್ಲಿನ ಮೇಲೆ ಹರಿದು, ನಾವು ಒಣಹಾಕಿದ್ದ ಹೂವಿಗೆ ತಾಗಿ, ಹಳದಿ ನೀರಾಗಿ ಮೋರಿಗೆ ಹೋಯಿತು. ಬೇವಿನ ತಪ್ಪಲು, ಊದುಬತ್ತಿ, ಅದರಡಿಯಲ್ಲಿ ಇನ್ನೊಂದು ವಾಸನೆ. ನಮ್ಮ ಓಣಿಯವರು ಹಲಗೆ ನಿಲ್ಲಿಸಿದ್ದರು. ಆದರೆ ದೂರದ ಓಣಿಗಳಿಂದ ಬಡಿತ ಕೇಳುತ್ತಲೇ ಇತ್ತು. ಗ್ರೇಸ್ ನನ್ನ ಕಿವಿಯಲ್ಲಿ, "ಗಿರಿಜಾ, ಡ್ಯಾಡಿ ಮಾರಿ ಬ್ಯಾರೇನ ಆಗೇತಿ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಮರುದಿನ ಮಧ್ಯಾಹ್ನ ಕಾರು ಬಂತು. ಎಡ್ವರ್ಡ್ ಕಪ್ಪು ಕೋಟಿನಲ್ಲಿ ಬೆವರುತ್ತ ಇಳಿದರು, ಹೆಂಡತಿ ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಅಣ್ಣ ನಿಜವಾಗಿಯೇ ಅತ್ತರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸ್ಮಶಾನದಿಂದ ಬಂದ ಗಂಡಸರು ಅವರ ಕೈಯಲ್ಲಿ ಮೊದಲ ಹಿಡಿ ಮಣ್ಣು ಹಾಕಿಸಿದೆವೆಂದು ಸಮಾಧಾನದಿಂದ ಹೇಳಿಕೊಂಡರು. ಅಜ್ಜಿ ಕೈಮುಗಿದಳು.

ಮೂರನೆಯ ದಿನ ನಮ್ಮ ಪಡಸಾಲೆಯಲ್ಲಿ ಮಾತಿಗೆ ಕೂತರು. ಅಜ್ಜ, ಅಪ್ಪ, ಎಡ್ವರ್ಡ್. ಶಾಂತವ್ವ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದಳು. ಅವಳ ಕೆಂಪು ಸೆರಗಿನ ಅಂಚು ಒಂದು ಕಡೆ ಬಿಚ್ಚಿಕೊಂಡಿತ್ತು, ಆ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು.

"ಈಕಿ ಥಾರ್ನ್‌ಟನ್, ಯಜಮಾನ್ರ," ಎಂದರು ಎಡ್ವರ್ಡ್, ಅಚ್ಚ ಹುಬ್ಬಳ್ಳಿಯ ಕನ್ನಡದಲ್ಲಿ. "ನಮ್ಮ ಮನಿತನಕ್ಕ ಇರೂದು ಈಕಿ ಒಬ್ಬಾಕಿನ. ಇಲ್ಲಿ ಯಾರದಾರ ಈಕಿಗೆ? ನಾಳೆ ಯಾರು ಲಗ್ನ ಮಾಡ್ಕೋತಾರ?"

ಅಜ್ಜ ಬಹಳ ಹೊತ್ತು ಎಲೆ ಅಡಿಕೆ ಜಗಿದರು. ನಮ್ಮಲ್ಲೂ ಅದೇ ನ್ಯಾಯ ತಾನೇ. ಗಂಡ ಸತ್ತರೆ ಕೂಸು ಹೆಸರಿನವರದು.

"ಅಪ್ಪನ ಮನಿ ಕೂಸು ಅಪ್ಪನ ಮನಿಗೆ," ಎಂದರು ಅಜ್ಜ. "ಛಲೋ ನೋಡ್ಕೋರಿ. ಸೂಟಿಗೆ ತಾಯಿ ಹಂತ್ಯಾಕ ಕಳಸ್ರಿ."

"ಆತ್ರಿ," ಎಂದರು ಎಡ್ವರ್ಡ್. ಆಸ್ಟ್ರೇಲಿಯಾದ ಮಾತು ಅವರು ಎತ್ತಲಿಲ್ಲ.

ಚೌಕಟ್ಟಿನ ಕಡೆ ಯಾರೂ ತಿರುಗಲಿಲ್ಲ. ನಾನು ನೋಡಿದೆ. ಶಾಂತವ್ವನ ಬಾಯಿ ತೆರೆದಿತ್ತು. ಆ ದಾರ ಬೆರಳನ್ನು ಕೊಯ್ಯುವಷ್ಟು ಬಿಗಿಯಾಗಿತ್ತು.

ಹೊರಡುವ ದಿನ ಅವಳು ಗ್ರೇಸ್‌ಳ ತಲೆ ಬಾಚಿದಳು. ಎರಡು ಜಡೆ ಹಾಕಿದಳು, ಸರಿಬರಲಿಲ್ಲವೆಂದು ಬಿಚ್ಚಿದಳು, ಮತ್ತೆ ಹಾಕಿದಳು. ಕಾರಿನವರು ಹಾರ್ನ್ ಹೊಡೆದರು. ಮೂರನೆಯ ಸಲ ಬಿಚ್ಚತೊಡಗಿದಾಗ ನಮ್ಮವ್ವ ಹೋಗಿ ಮೆಲ್ಲಗೆ ಬಾಚಣಿಗೆ ತೆಗೆದುಕೊಂಡಳು.

"ಯಾವಾಗ ಬರ್ತೀ?" ಎಂದು ಕೇಳಿದೆ.

"ಸೂಟಿಗೆ. ನನ್ನ ಬೆಂಚಿನ್ಯಾಗ ಯಾರನ್ನೂ ಕೂಡಿಸಬ್ಯಾಡ," ಎಂದಳು ಗ್ರೇಸ್. ಕಾರಿನಲ್ಲಿ ಕೂರುವ ಖುಷಿ ಅವಳ ಮುಖದಲ್ಲಿ ಇತ್ತು. ತಾಯಿ ಹಿಂದೆಯೇ ಬಸ್ಸಿನಲ್ಲಿ ಬರುತ್ತಾಳೆಂದು ಅವಳಿಗೆ ಹೇಳಿದ್ದರು.

ಬೇಸಿಗೆ ಸೂಟಿ ಬಂತು. ಗ್ರೇಸ್ ಬರಲಿಲ್ಲ. ಶಾಂತವ್ವ ಒಂದು ಡಬ್ಬಿ ಕರದಂಟು ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದಳು. ಸಂಜೆಯ ಬಸ್ಸಿಗೇ ತಿರುಗಿ ಬಂದಳು. ಆ ಮನೆಯಲ್ಲಿ ಬೇರೆಯವರಿದ್ದರು. ಎಡ್ವರ್ಡ್ ಹಡಗು ಹತ್ತಿ ತಿಂಗಳಾಗಿತ್ತು. ಡಬ್ಬಿ ಕಟ್ಟೆಯ ಮೇಲಿಟ್ಟು ಅವಳು, "ಕೂಸುಗಳಿಗೆ ಕೊಡ್ರಿ, ಅಮ್ಮಾರ. ಕೆಡತೈತಿ," ಎಂದಳು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಬದುಕಿರುವತನಕ ಯಾವ ಸಾವಿನ ಮನೆಯಲ್ಲೂ ಅವಳು, ಇಂಥವರಿಗೆ ಹೇಳಿ ಕಳಿಸಿರಿ ಎಂದು ಬಾಯಿ ಬಿಡಲಿಲ್ಲ.

ಶಾಂತವ್ವ ಇಲಕಲ್ಲಿಗೆ ಹೋದಳು. ಅಲ್ಲಿದ್ದ ಅವಳ ತಮ್ಮ ಮನೆಯೊಳಗೆ ಕರೆಯಲಿಲ್ಲ. ಮಗ್ಗದ ಮನೆಯ ಮಗ್ಗುಲಲ್ಲಿ ಒಂದು ತಗಡಿನ ಕೋಣೆ ಕೊಟ್ಟ, ನೂಲು ಸುತ್ತುವ ಕೆಲಸ ಕೊಟ್ಟ. ಎಂಬತ್ತರ ದಶಕದಲ್ಲಿ, ನನ್ನ ಮದುವೆಯಾದ ಮರುವರ್ಷ, ತಂಗಿಯ ಲಗ್ನದ ಸೀರೆಗೆಂದು ಇಲಕಲ್ಲಿಗೆ ಹೋದಾಗ ಅವಳನ್ನು ಹುಡುಕಿಕೊಂಡು ಹೋದೆ. ರಾಟೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಹುಡುಕುತ್ತಿದ್ದುದು ನನ್ನ ಮುಖವನ್ನಲ್ಲ, ಅದೇ ವಯಸ್ಸಿನ ಇನ್ನೊಂದನ್ನು ಎಂದು ನನಗೆ ಗೊತ್ತಿತ್ತು.

"ಈಗ ನಿನಗ ಏನಂತ ಕರೀತಾರವಾ? ಹುನಗುಂದನೋ?"

"ಇಲ್ಲ, ಶಾಂತವ್ವ. ಗಂಡನ ಮನಿ ಹೆಸರು ಬಂತಲ್ಲ."

ಅವಳು ಕಡಿದ ಎಳೆಯೊಂದಕ್ಕೆ ಗಂಟು ಹಾಕಿದಳು. "ಹಂಗಾದ್ರ ಗ್ರೇಸಿಗೂ ಬ್ಯಾರೆ ಬಂದಿರಬೇಕು," ಎಂದಳು. "ಹೆಸರಿನ ಸಲುವಾಗಿ ಒಯ್ದ್ರು. ಆ ಹೆಸರೂ ಆಕಿ ಹಂತ್ಯಾಕ ಉಳೀಲಿಲ್ಲ." ಮತ್ತೆ ರಾಟೆ ತಿರುಗಿಸಿದಳು.

ಅದೇ ಕೊನೆಯ ಭೇಟಿ. ಅವಳು ತೀರಿದ ಸುದ್ದಿಯೂ ನನಗೆ ತಡವಾಗಿ ಸಿಕ್ಕಿತು. ನಮ್ಮ ಹಳೇ ಮನೆ, ಆ ಹಿತ್ತಲು, ಎರಡು ಕೋಣೆ ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿವೆ. ನಾವು ಮುಳುಗಡೆಯವರಿಗೆಂದು ಕಟ್ಟಿದ ನವನಗರದಲ್ಲಿ ನಂಬರಿನ ಮನೆಯಲ್ಲಿದ್ದೇವೆ, ಇಲ್ಲಿ ಯಾರೂ ಯಾರ ಅಡ್ಡಹೆಸರನ್ನೂ ಕೇಳುವುದಿಲ್ಲ. ಥಾರ್ನ್‌ಟನ್ ಎಂಬ ಊರು ಎಲ್ಲಿದೆಯೆಂದು ಮಗಳು ಫೋನಿನಲ್ಲಿ ಹುಡುಕಿ ತೋರಿಸಿದಳು. ಒಂದಲ್ಲ, ಇಂಗ್ಲೆಂಡಿನ ತುಂಬ ಆ ಹೆಸರಿನ ಹಲವು ಊರುಗಳಿವೆ. ಅಂಕಲ್‌ರ ಹಿರಿಯರು ಯಾವುದನ್ನು ಬಿಟ್ಟು ಹೊರಟರೋ ಹೇಳುವವರಿಲ್ಲ. ಮಗಳು ಗ್ರೇಸ್‌ಳನ್ನೂ ಹುಡುಕಿದಳು. "ಅವರ ಮದುವೆಯ ನಂತರದ ಹೆಸರೇನು, ಅಮ್ಮ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಗ್ರೇಸ್‌ಗೂ ಈಗ ಅರವತ್ತು ದಾಟಿರಬೇಕು. ಎಲ್ಲೇ ಇರಲಿ, ತಾಯಿ ತನ್ನನ್ನು ಕೊಟ್ಟುಬಿಟ್ಟಳು ಎಂದೇ ಅವಳು ತಿಳಿದಿರುತ್ತಾಳೆ. ಶಾಂತವ್ವ ಕೊಡಲಿಲ್ಲ, ಅವಳನ್ನು ಯಾರೂ ಕೇಳಲೇ ಇಲ್ಲ. ಅಷ್ಟನ್ನು ಹೇಳಬಲ್ಲವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.