ಲಿಯಾವ್ ಮೇಸ್ತ್ರಿಯ ಕಿವಿ

ನಮ್ಮ ತೈನಾನ್ ಊರಿನಲ್ಲಿ ಕಾರಿನ ಸ್ಟೀರಿಯೊ ಹಾಡಿನ ಹಿಂದೆ ಗುಂಯ್ ಎಂದರೆ ಎಲ್ಲರೂ ಓಡುವುದು ಲಿಯಾವ್ ಮೇಸ್ತ್ರಿಯ ಬಳಿಗೆ. ಬೀದಿ ಕೊನೆಯ ಕಾರಿನ ಗುಂಯ್ ಕೇಳಿ ಊಟದ ಬಟ್ಟಲು ಬಿಟ್ಟೆದ್ದ ಮನುಷ್ಯ ಅವರು. ಹಾಡು ನಿಲ್ಲಿಸಿ, ಇಂಜಿನ್ ರೇಸ್ ಮಾಡಿಸಿ, ನಾಡಿ ನೋಡುವ ವೈದ್ಯರಂತೆ ಕಣ್ಣು ಮುಚ್ಚುತ್ತಾರೆ. ಇಂಜಿನ್ನಿನ ಜೊತೆಗೇ ಗುಂಯ್ ಏರಿತೋ, "ಅರ್ತ್ ತಂತಿ ಕಣಯ್ಯಾ! ಬೋಲ್ಟಿನಡಿ ಬಣ್ಣ ಕೆರೀದೇ ಬಿಗ್ದಿದಾರೆ, ಕತ್ತೆಗಳು!" ಎಂದು ಬೈಯುತ್ತ ಉಪ್ಪುಕಾಗದ ಹುಡುಕುತ್ತಾರೆ. ಸದ್ದಡಗಿದ ಮೇಲೆ, ಯಂತ್ರ ಹೇಳಿದ ಮಾತು ಕೇಳಿಕೊಂಡಿರಲಿ ಎಂದು ನಮ್ಮವರೆಲ್ಲ ಇಡುವ ಹಸಿರು ಕುರುಕಲು ಪೊಟ್ಟಣವನ್ನು ಆಂಪ್ಲಿಫೈಯರ್ ಮೇಲೆ ತಾವೇ ಇಟ್ಟು, "ತಾರೀಕು ಮುಗಿಯೋಕ್ಮುಂಚೆ ಬದಲಾಯ್ಸು. ಹಸಿವಾಯ್ತು ಅಂತ ತಿಂದೀಯ, ಜೋಕೆ!" ಎನ್ನುತ್ತಾರೆ. ಅವರ ಸ್ವಂತ ಹಳೇ ಕಾರಿನಲ್ಲಿ ಮಾತ್ರ ಪೊಟ್ಟಣವಿಲ್ಲ. ಗುಂಯ್ ಕಿವಿ ಕೊರೆಯುತ್ತದೆ. "ಮೊದ್ಲು ನಿಮ್ದು ರಿಪೇರಿ ಮಾಡ್ಕೊಳ್ಳಿ ಮೇಸ್ತ್ರೀ" ಎಂದು ಒಮ್ಮೆ ಪಕ್ಕದಲ್ಲಿ ಕೂರಹೊರಟ ನಾನು ಛೇಡಿಸಿದೆ. "ಹಿಂದೆ ಕೂತ್ಕೊ. ಮೆಯ್‌ಚೂ ಇದನ್ನೇ ಶ್ರುತಿ ಹಿಡ್ಕೊಂಡು ಹಾಡ್ತಿದ್ಲು" ಎಂದರು. ಹೆಂಡತಿ ಮೆಯ್‌ಚೂ ತೀರಿಕೊಂಡು ಆಗಲೇ ಮೂರು ವರ್ಷ. ಸಿಗ್ನಲ್ಲಿನಲ್ಲಿ ನಿಂತಾಗ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತಾರೆ. ಗುಂಯ್ ಅವಳ ಸ್ವರಕ್ಕೆ ಏರಿದೊಡನೆ ಕಾಲನ್ನು ಅಲ್ಲೇ ಹಿಡಿದು, ಪಕ್ಕದ ಖಾಲಿ ಸೀಟಿನ ಕಡೆಗೆ ತಲೆ ವಾಲಿಸಿ, ಅವಳು ಶುರುಮಾಡಲೆಂದು ಕಾಯುತ್ತಾರೆ.