ಮೊದಲನೆಯದೋ ಎರಡನೆಯದೋ

ನನ್ನ ಅಣ್ಣ ಮಹದೇವಣ್ಣ ಏನನ್ನಾದರೂ ತಿದ್ದಿದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಡುತ್ತಿದ್ದ. ರೇಡಿಯೋದ ತಿರುಪು ತಿರುಗಿಸಿದರೂ ಅಷ್ಟೇ, ಒಲೆಯ ಸೌದೆ ಹಿಂದಕ್ಕೆಳೆದರೂ ಅಷ್ಟೇ. ಗೋಡೆಯ ಪಟವನ್ನು ನೆಟ್ಟಗೆ ಮಾಡಿ ಅದರ ಮುಂದೆಯೂ ಹಾಗೆ ನಿಂತಿದ್ದಾಗ ಅವ್ವ ನಕ್ಕಿದ್ದಳು.

"ಪಟಕ್ಕೂ ಕಾಯ್ಬೇಕೇನಪ್ಪಾ?"

"ಅಭ್ಯಾಸ ಕಣವ್ವಾ. ಕೈ ಕಟ್ಟದಿದ್ರೆ ಅದು ಸುಮ್ನಿರಲ್ಲ. ಇನ್ನೊಂದು ಚೂರು, ಇನ್ನೊಂದು ಚೂರು ಅಂತ ಹೋಗಿ ಕೆಡಿಸ್ಬಿಡತ್ತೆ."

ಅವನು ತೀರಿಕೊಂಡದ್ದರಲ್ಲಿ ನನ್ನ ಪಾಲು ಎಷ್ಟು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಬರೆದರೆ ತಿಳಿಯಬಹುದೇನೋ ಎಂದು ಕುಳಿತಿದ್ದೇನೆ. ನಾನು ಲೋಯರ್ ಸೆಕೆಂಡರಿಗೆ ಓದು ಬಿಟ್ಟವಳು. ಅವನ ವಿದ್ಯೆಯನ್ನು ಸರಿಯಾಗಿ ಹೇಳಬಲ್ಲೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಅಣ್ಣ ಬಟ್ಟೆ ಗಿರಣಿಯೊಂದರಲ್ಲಿ ಉಗಿಯಂತ್ರ ನೋಡಿಕೊಳ್ಳುತ್ತಿದ್ದ. ಮದುವೆಯಾಗಿರಲಿಲ್ಲ. ನನ್ನ ಗಂಡ ಹೋದ ಮೇಲೆ ನಾನೂ ತ್ಯಾಗರಾಜನಗರದ ಆ ಮನೆಗೇ ಬಂದೆ. ಅವ್ವ, ಅಣ್ಣ, ನಾನು, ಮೂವರೇ. ಮನೆಯಿಂದ ಸ್ವಲ್ಪ ದೂರ ನಡೆದರೆ ಆಗ ಊರು ಮುಗಿಯುತ್ತಿತ್ತು. ಕತ್ರಿಗುಪ್ಪೆಯ ಕಡೆಗೆಲ್ಲ ರಾಗಿ ಹೊಲ.

ಒಂದು ಆಯುಧಪೂಜೆಗೆ ನಮ್ಮನ್ನು ಗಿರಣಿಗೆ ಕರೆದುಕೊಂಡು ಹೋಗಿದ್ದ. ಯಂತ್ರದ ನೆತ್ತಿಯಲ್ಲಿ ಎರಡು ಕಬ್ಬಿಣದ ಗುಂಡುಗಳು ಗಿರಗಿರ ಸುತ್ತುತ್ತಿದ್ದವು. ಯಂತ್ರದ ಓಟ ಹೆಚ್ಚಾದರೆ ಗುಂಡುಗಳು ದೂರ ಸರಿದು ಮೇಲೇಳುತ್ತವೆ, ಅವು ಎದ್ದರೆ ಒಂದು ಸರಳು ಉಗಿಯ ಬಾಯಿಯನ್ನು ಮುಚ್ಚುತ್ತದೆ, ಓಟ ತಗ್ಗುತ್ತದೆ. ತಗ್ಗಿದರೆ ಗುಂಡು ಇಳಿದು ಮತ್ತೆ ಬಾಯಿ ತೆರೆಯುತ್ತದೆ. ಅಣ್ಣ ಅದನ್ನು ಮಗುವನ್ನು ತೋರಿಸುವ ಹಾಗೆ ತೋರಿಸಿದ.

"ನೋಡೋದು, ಎಷ್ಟಿರ್ಬೇಕೋ ಅದಕ್ಕೆ ಹೋಲ್ಸೋದು, ತಿದ್ದೋದು, ಮತ್ತೆ ನೋಡೋದು. ಇಷ್ಟೇ ವಿದ್ಯೆ. ನಂಗೆ ಸಂಬಳ ಕೊಡೋದೂ ಇಷ್ಟಕ್ಕೇ."

"ಗುಂಡೇ ಎಲ್ಲಾ ಮಾಡಿದ್ರೆ ನೀನ್ಯಾಕಣ್ಣ ಅಲ್ಲಿ?"

"ಗುಂಡು ಸುಳ್ಳು ಹೇಳ್ತಿದ್ಯಾ ಅಂತ ನೋಡೋಕೆ. ಜಿಡ್ಡು ಕಟ್ಟಿ ಸಿಕ್ಕಾಕೊಂಡ್ರೆ ಯಂತ್ರಕ್ಕೇನು ಗೊತ್ತು ಪಾಪ? ಸುಳ್ಳನ್ನೇ ನಂಬ್ಕೊಂಡು ನಿಯತ್ತಾಗಿ ಕೆಲ್ಸ ಮಾಡತ್ತೆ."

ಅರ್ಥವಾದಂತೆ ತಲೆ ಆಡಿಸಿದೆ. ಅರ್ಥವಾಗದ್ದು ಎಷ್ಟೆಂದು ಒಂದು ಮುಂಜಾನೆ ಬಚ್ಚಲಿನಲ್ಲಿ ಗೊತ್ತಾಯಿತು. ಅವ್ವನ ಸ್ನಾನಕ್ಕೆ ಹಂಡೆಗೆ ಉರಿ ಹಾಕಿದ್ದೆ. ನೀರು ಮುಟ್ಟಿದೆ, ತಣ್ಣಗಿತ್ತು. ಇನ್ನೆರಡು ಸೌದೆ ಹಾಕಿದೆ. ಮುಟ್ಟಿದೆ, ಉಗುರುಬೆಚ್ಚಗೆ. ಮತ್ತೆ ಎರಡು ತುರುಕಿದೆ. ಅವ್ವ ಮೊದಲ ತಂಬಿಗೆ ಸುರಿದುಕೊಂಡವಳೇ ಕೂಗಿದಳು. "ಏನೇ ಗಿರಿಜಾ, ನನ್ನನ್ನ ಬೇಯಿಸ್ತೀಯಾ?" ಗಾಬರಿಯಾಗಿ ಉರಿಯನ್ನೆಲ್ಲ ಎಳೆದು ಎರಡು ಕೊಡ ತಣ್ಣೀರು ಸುರಿದೆ. "ಈಗ ಗಂಗೋತ್ರಿ ಮಾಡಿದ್ಯಲ್ಲೇ!"

ಅಣ್ಣ ಹಲ್ಲುಜ್ಜುತ್ತಾ ನಗುತ್ತಿದ್ದ. "ನೀನು ಹಾಕಿದ ಸೌದೆ ನೀರಿಗೆ ಸೇರೋಕೆ ಹೊತ್ತು ಬೇಕು. ನೀನು ಮುಟ್ಟಿ ನೋಡಿದ್ದು ಹಳೇ ಸುದ್ದಿ. ಹಳೇ ಸುದ್ದಿ ಕೇಳ್ಕೊಂಡು ಹೊಸದಾಗಿ ತಿದ್ದಿದ್ರೆ ಹಿಂಗೇ, ಆ ಕಡೆಗೊಂದ್ಸಲ ಈ ಕಡೆಗೊಂದ್ಸಲ."

ನಲವತ್ತು ದಾಟುವ ಹೊತ್ತಿಗೆ ಅಣ್ಣನಿಗೆ ಸಕ್ಕರೆ ಕಾಯಿಲೆ ಹಿಡಿಯಿತು. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು. ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಬೇಕಿತ್ತು. ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ, ಅದಕ್ಕೆ ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕಾಯಿಸುವುದು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಎಂದು ಏರುತ್ತಾ ಇಟ್ಟಿಗೆ ಬಣ್ಣಕ್ಕೆ ಬಂದರೆ ತುಂಬಾ ಹೆಚ್ಚು. ಬಣ್ಣ ನೋಡಿ ಸಿರಿಂಜಿನ ಗೀಟು ಎಷ್ಟೆಂದು ಡಾಕ್ಟರು ಚೀಟಿ ಬರೆದಿದ್ದರು. ಗೀಟು ಹೆಚ್ಚಾದರೆ ಸಕ್ಕರೆ ತೀರಾ ಇಳಿದು ಬೀಳಬಹುದು, ಕೂಡಲೇ ಸಕ್ಕರೆ ನೀರು ಕೊಡಿ ಎಂದೂ ಹೇಳಿದ್ದರು. ಅಣ್ಣನಿಗೆ ಅದು ಕಾಯಿಲೆಗಿಂತ ಹೆಚ್ಚಾಗಿ ಇನ್ನೊಂದು ಯಂತ್ರ ಸಿಕ್ಕಿದಂತಾಯಿತು.

"ಗಿರಿಜಾ, ಬೆಳಗ್ಗೆ ಮೊದಲ್ನೇದು ಲೆಕ್ಕಕ್ಕಿಲ್ಲ. ಅದು ರಾತ್ರಿಯೆಲ್ಲ ತುಂಬಿಕೊಂಡಿದ್ದ ಹಳೇ ಸುದ್ದಿ. ಅದನ್ನ ಚೆಲ್ಲಿ, ನೀರು ಕುಡಿದು, ಅರ್ಧ ಗಂಟೆ ಬಿಟ್ಟು ಎರಡನೇದು ಕೊಡ್ತೀನಿ. ಅದರ ಬಣ್ಣ ನೋಡು."

ನಾನೇ ನೋಡಬೇಕಾಗಿತ್ತು, ಏಕೆಂದರೆ ಕೆಲವು ವರ್ಷಗಳಲ್ಲಿ ಅವನ ಕಣ್ಣು ಮಂಜಾಯಿತು. ಹಸಿರಿಗೂ ಕಿತ್ತಳೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಗಿರಣಿಯವರು ಮನೆಗೆ ಕಳಿಸಿದರು. ಪ್ರತಿದಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನು ಬಣ್ಣ ಹೇಳುತ್ತಿದ್ದೆ, ಅವನು ಗೀಟು ಹೇಳುತ್ತಿದ್ದ, ನಾನು ಚುಚ್ಚುತ್ತಿದ್ದೆ. ಆಮೇಲೆ ಅವನು ಇಷ್ಟಲಿಂಗ ಪೂಜೆ ಮುಗಿಸಿ ತಿಂಡಿಗೆ ಕೂರುತ್ತಿದ್ದ. ಪೂಜೆಯಾಗದೆ ಬಾಯಿಗೆ ನೀರಿಗಿಂತ ಹೆಚ್ಚು ಹಾಕುವವನಲ್ಲ.

ಅದು ಶ್ರಾವಣ ಸೋಮವಾರ. ಬಿಲ್ವಪತ್ರೆ ತೊಳೆಯುವುದು, ಅವ್ವನ ಉಪವಾಸದ ಓಡಾಟ. ನಾನು ನಡುಮನೆಗೂ ಬಚ್ಚಲಿಗೂ ಸುತ್ತುತ್ತಿದ್ದೆ. ಬಚ್ಚಲ ಗೂಡಿನಲ್ಲಿ ಅಣ್ಣನ ಮೂತ್ರದ ಲೋಟ ಇತ್ತು, ತೆಗೆದುಕೊಂಡು ಕಾಯಿಸಿದೆ. ಕಿತ್ತಳೆ.

"ಕಿತ್ತಳೆ ಕಣಣ್ಣ."

"ಹೌದಾ? ನಿನ್ನೆ ಹಸಿರಿತ್ತಲ್ಲ." ಬೆರಳು ಮಡಿಸಿ ಲೆಕ್ಕ ಹಾಕಿದ. "ಸರಿ, ಎರಡು ಗೀಟು ಜಾಸ್ತಿ ಹಾಕು."

ಹಾಕಿದೆ. ಅವನು ಪೂಜೆಗೆ ಕುಳಿತ. ಸೋಮವಾರದ ಪೂಜೆ ಉದ್ದ. ಅಂಗೈಯಲ್ಲಿ ಲಿಂಗ, ಕಣ್ಣು ಅದರ ಮೇಲೆ. ಬಾಗಿಲ ಬಳಿ ಬಂದಾಗ ಅವನ ಹಣೆಯಲ್ಲಿ ಬೆವರು ಕಂಡಿತು, ವಿಭೂತಿ ನೆನೆದಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಕರೆಯೋಣವೆನಿಸಿತು.

"ಲಿಂಗ ಕೈಲಿರೋವಾಗ ಮಾತಾಡಿಸ್ಬಾರ್ದು," ಎಂದಳು ಅವ್ವ. "ಸೋಮವಾರ, ತನ್ಮಯ ಆಗವ್ನೆ."

ನನಗೂ ಹಾಗೇ ಅನ್ನಿಸಿತೋ, ಅಥವಾ ತಿದ್ದಿದ ಮೇಲೆ ಕಾಯಬೇಕೆಂದು ಅವನೇ ಕಲಿಸಿದ್ದು ನೆನಪಾಯಿತೋ, ಹೇಳಲಾರೆ. ನಿಂತೆ. ಎಷ್ಟು ಹೊತ್ತು ನಿಂತೆನೆಂದು ಕೇಳಿದರೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಲಿಂಗ ಕೆಳಗೆ ಬಿದ್ದಾಗ ಓಡಿದೆ. ಸಕ್ಕರೆ ನೀರು ಬಾಯೊಳಗೆ ಇಳಿಯಲಿಲ್ಲ, ಕಟವಾಯಿಯಿಂದ ಹೊರಗೆ ಬಂತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು.

ರಕ್ತನಾಳಕ್ಕೆ ಸಕ್ಕರೆ ಕೊಟ್ಟರು, ಮಧ್ಯಾಹ್ನಕ್ಕೆ ಕಣ್ಣು ಬಿಟ್ಟ. ಮರುದಿನ ಮಾತಾಡಿದ. ದನಿ ಸಣ್ಣದಾಗಿತ್ತು. ಅವ್ವನ ಬಗ್ಗೆ ಕೇಳಲಿಲ್ಲ, ನೋವಿನ ಬಗ್ಗೆ ಹೇಳಲಿಲ್ಲ.

"ಗಿರಿಜಾ, ಬಣ್ಣ ಕಿತ್ತಳೆನೇ ಇತ್ತಾ? ಸರಿಯಾಗಿ ನೋಡಿದ್ಯಾ?"

"ಹೂಂ ಅಣ್ಣ, ಕಿತ್ತಳೆ."

"ನಾನು ಮೊದಲ್ನೇದನ್ನ ಚೆಲ್ಲೋದು ಮರೆತಿದ್ನೇನೋ ಅಂತ ಯೋಚ್ನೆ. ಗೂಡಲ್ಲಿಟ್ಟಿದ್ದಂಗೆ ನೆನಪು. ನೀನು ತಗೊಂಡಿದ್ದು ಮೊದಲ್ನೇದೋ ಎರಡನೇದೋ?"

ನಾನು ಕೇಳಿರಲಿಲ್ಲ. ಲೋಟ ಇತ್ತು, ತೆಗೆದುಕೊಂಡಿದ್ದೆ. ಗೊತ್ತಿಲ್ಲ ಎನ್ನುವುದೇ ನಿಜವಾಗಿತ್ತು. ಡಾಕ್ಟರು ಮಂಚದ ಪಕ್ಕದಲ್ಲೇ ಇದ್ದರು.

"ಎರಡನೇದೇ ಅಣ್ಣ," ಎಂದೆ.

ಅವನು ಕಣ್ಣು ಮುಚ್ಚಿದ. ಹುಬ್ಬು ಗಂಟಿಕ್ಕಿತು. ಒಳಗೆ ಏನನ್ನೋ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ ಹಾಗಿತ್ತು. ಎರಡನೆಯದೇ ಕಿತ್ತಳೆಯಾಗಿದ್ದರೆ ಎರಡು ಗೀಟು ಸರಿ. ಎರಡು ಗೀಟು ಸರಿಯಾಗಿದ್ದರೆ ಅವನು ಬೀಳಬಾರದಿತ್ತು. ಇಂಜೆಕ್ಷನ್ ಶೀಶೆ ಹೊಸದೇ ಎಂದು ಕೇಳಿದ. ಗೀಟು ನೋಡಿದ್ಯಾ ಎಂದು ಕೇಳಿದ. ಪೂಜೆಗೆ ಎಷ್ಟು ಹೊತ್ತಾಯಿತೆಂದು ಕೇಳಿದ. ಒಂದಕ್ಕೂ ಅವನಿಗೆ ಬೇಕಾದ ಉತ್ತರ ನನ್ನಲ್ಲಿರಲಿಲ್ಲ. ಬೇಕಾಗಿದ್ದದ್ದನ್ನು ಆಗಲೇ ಕೆಡಿಸಿದ್ದೆ.

"ಹಂಗಾದ್ರೆ ನಂಗೆ ಅರ್ಥ ಆಗ್ತಿಲ್ಲ ಬಿಡು," ಎಂದ.

ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ನಾಳೆ ಬೆಳಿಗ್ಗೆ ನಿಜ ಹೇಳಿಬಿಡಬೇಕೆಂದುಕೊಂಡು ಮನೆಗೆ ಬಂದೆ. ಬೆಳಿಗ್ಗೆ ಆಸ್ಪತ್ರೆಗೆ ಹೋದಾಗ ಮಂಚದ ಮೇಲೆ ಬೇರೆ ಯಾರಿಗೋ ಹೊಸ ಹಾಸಿಗೆ ಹಾಸುತ್ತಿದ್ದರು. ಎದೆ ನಿಂತಿತು ಎಂದರು ಡಾಕ್ಟರು. ಸೋಮವಾರದ್ದಕ್ಕೂ ಇದಕ್ಕೂ ಸಂಬಂಧ ಇರಬಹುದು, ಇಲ್ಲದಿರಬಹುದು ಎಂದರು.

ಅದು ನನಗೆ ಗೊತ್ತಾಗದಿದ್ದರೆ ಹೋಗಲಿ. ನಾನು ಎಷ್ಟೋ ವಿಷಯ ಗೊತ್ತಾಗದೆ ಬದುಕಿದವಳು. ಅವನು ಹಾಗಲ್ಲ. ಕೊನೆಯ ರಾತ್ರಿಯೆಲ್ಲ ಅವನು ಎಲ್ಲೂ ಇಲ್ಲದ ತಪ್ಪನ್ನು ಹುಡುಕುತ್ತಾ ಮಲಗಿರಬೇಕು.